ಸಹಿಯ ಕೆಳಗಿನ ಗೆರೆ

ನಮ್ಮ ಶಾಸಕರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವರನ್ನು ಸ್ವಲ್ಪ ಬೈಯುವವಳಿದ್ದೇನೆ. ಇಪ್ಪತ್ತೆರಡು ವರ್ಷ ಅವರ ಪತ್ರಗಳನ್ನು ಟೈಪು ಮಾಡಿದವಳು ನಾನು. ಅಷ್ಟು ವರ್ಷ ದುಡಿದವಳಿಗೆ ಬೈಯುವ ಹಕ್ಕನ್ನು ಯಾರೂ ಕೊಡಲಿಲ್ಲ, ನಾನೇ ತೆಗೆದುಕೊಂಡೆ.

ಶಾಸಕರಾಗುವ ಮುಂಚೆ ಅವರು ಬಸ್ ನಿಲ್ದಾಣದ ಎದುರು ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು. ಊರಿಗೆಲ್ಲ ಅವರು ಫೋಟೋ ಅಣ್ಣ. ಶಾಲೆಗೆ ಸೇರುವ ಮಗುವಿನಿಂದ ಹಿಡಿದು ಪಿಂಚಣಿ ಅರ್ಜಿ ಹಾಕುವ ಮುದುಕರವರೆಗೆ ಆ ಸ್ಟೂಲಿನ ಮೇಲೆ ಕೂರದವರೇ ಇರಲಿಲ್ಲ. ಕಿವಿ ಅಗಲವಾಗಿದ್ದವರ ಮುಖವನ್ನು ಒಂಚೂರು ಓರೆ ಮಾಡಿಸುವುದು, ಗದ್ದ ಚಿಕ್ಕದಿದ್ದವರಿಗೆ ತಲೆ ಎತ್ತಿಸುವುದು, ಕೆನ್ನೆಯ ಕಲೆಯನ್ನು ಸಣ್ಣ ಕುಂಚದಲ್ಲಿ ಮಾಯ ಮಾಡುವುದು, ಎಲ್ಲ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ಫೋಟೋ ಕೆಟ್ಟಿದ್ದರೆ ಕೆಟ್ಟಿದೆ ಎಂದು ಹೇಳುವುದು. ನನ್ನ ಮದುವೆಯ ಫೋಟೋದಲ್ಲಿ ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೇನೆ. ಕೇಳಿದ್ದಕ್ಕೆ, "ನಾಚಿಕೆ ಅಂದ್ರೆ ಹಾಗೇ ಇರ್ಬೇಕಮ್ಮ, ತುಂಬಾ ಚೆನ್ನಾಗಿ ಬಂದಿದೆ" ಎಂದಿದ್ದರು. ನಾನು ಎರಡು ವರ್ಷ ಅದನ್ನು ನಂಬಿಕೊಂಡೂ ಇದ್ದೆ.

ಅವರು ಚುನಾವಣೆಗೆ ನಿಂತ ಕಥೆ ಇಷ್ಟು. ಪಕ್ಷದ ಇಬ್ಬರು ದೊಡ್ಡ ಮುಖಂಡರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಇವರು ಹೇಳಿದ ಹೆಸರು ಅವರಿಗೆ ಬೇಡ, ಅವರು ಹೇಳಿದ ಹೆಸರು ಇವರಿಗೆ ಬೇಡ. ನಾಮಪತ್ರ ಸಲ್ಲಿಸಲು ನಾಲ್ಕು ದಿನ ಉಳಿದಾಗ ಯಾರೋ, "ಈ ಊರಲ್ಲಿ ಯಾರಿಗೂ ಬೇಡ ಅನ್ನಿಸದ ಮನುಷ್ಯ ಯಾರಿದ್ದಾನೆ?" ಎಂದು ಕೇಳಿದರಂತೆ. ಇಬ್ಬರೂ ಒಟ್ಟಿಗೆ ಸ್ಟುಡಿಯೋಗೆ ಬಂದರು. ಫೋಟೋ ಅಣ್ಣ ಕತ್ತಲೆ ಕೋಣೆಯಿಂದ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತಾ, "ಇಬ್ರೂ ಒಟ್ಟಿಗೋ, ಬೇರೆ ಬೇರೆನೋ?" ಎಂದು ಕ್ಯಾಮೆರಾ ಸರಿ ಮಾಡಲು ಹೋದರು.

ಬೇಡ ಎನ್ನಲು ಬಾಯಿ ಬರಲಿಲ್ಲ. ನಿಂತರು, ಗೆದ್ದರು. ಸ್ಟುಡಿಯೋವನ್ನು ಅವರ ಹೆಂಡತಿ ವಹಿಸಿಕೊಂಡರು. ಅತ್ತಿಗೆ ಎಂದೇ ನಾವೆಲ್ಲ ಕರೆಯುವುದು. ಅತ್ತಿಗೆಯ ಕೈಗೆ ಹೋದ ಮೇಲೆ ಆ ಸ್ಟುಡಿಯೋದಲ್ಲಿ, "ಈ ಫೋಟೋ ಚೆನ್ನಾಗಿಲ್ಲ, ಇನ್ನೊಂದ್ಸಲ ಕೂತ್ಕೊಳ್ಳಿ" ಎಂಬ ಮಾತು ಮೊದಲ ಬಾರಿ ಕೇಳಿಬಂತು.

ವಿಧಾನಸಭೆಯಲ್ಲಿ ಅವರಿಗೆ ಸಿಕ್ಕಿದ್ದು ಕೊನೆಯ ಸಾಲು, ಕಂಬದ ಪಕ್ಕ. ಅಲ್ಲಿಂದ ಸಭಾಧ್ಯಕ್ಷರ ಎಡಗಡೆ ಅರ್ಧ ಮಾತ್ರ ಕಾಣುತ್ತಿತ್ತು. ಮೊದಲ ಭಾಷಣ ಹೆಣ್ಣುಮಕ್ಕಳ ಶಾಲೆಯ ಸೋರುವ ಚಾವಣಿಯ ಬಗ್ಗೆ. ನಾಲ್ಕು ನಿಮಿಷದ ಭಾಷಣವನ್ನು ನಾನು ಟೈಪು ಮಾಡಿಕೊಟ್ಟಿದ್ದೆ. ಎದ್ದು ನಿಂತವರೇ ಹಳೆಯ ಅಭ್ಯಾಸದಲ್ಲಿ, "ಮಾನ್ಯ ಸಭಾಧ್ಯಕ್ಷರೇ, ಸ್ವಲ್ಪ ಈ ಕಡೆ ನೋಡಿ" ಎಂದುಬಿಟ್ಟರು. ಸದನ ಬಿದ್ದು ಬಿದ್ದು ನಕ್ಕಿತು. ಸಭಾಧ್ಯಕ್ಷರೂ ಕುತ್ತಿಗೆ ಚಾಚಿ ಈ ಕಡೆ ನೋಡಿದರು. ಶಾಲೆಗೆ ಹೊಸ ಚಾವಣಿ ಬಂತು. ನಗಿಸಿದ್ದಕ್ಕೆ ಬಂತೋ, ಕೇಳಿದ್ದಕ್ಕೆ ಬಂತೋ, ನನಗೆ ತಿಳಿಯದು.

ಒಟ್ಟು ಐದು ಸಲ ಗೆದ್ದರು. ಮಂತ್ರಿ ಆಗಲಿಲ್ಲ. ಒಮ್ಮೆ ಮಾತ್ರ ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ಅವರ ಹೆಸರು ಪಟ್ಟಿಯಲ್ಲಿತ್ತು. ಅತ್ತಿಗೆ ಕೋಟಿಗೆ ಇಸ್ತ್ರಿ ಹಾಕಿಟ್ಟರು. ಮೂರು ಗಂಟೆಗೆ ಹೆಸರು ಹಾರಿಹೋದ ಸುದ್ದಿ ಬಂತು. ಇವರು ಕೋಟು ತೊಟ್ಟುಕೊಂಡು, "ಇಸ್ತ್ರಿ ದಂಡ ಆಗ್ಬಾರ್ದು" ಎಂದು ನೇರವಾಗಿ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ ಬಹುಮಾನ ಹಂಚಿ ಬಂದರು. ಬೇಸರವಾಗಲಿಲ್ಲವೇ ಎಂದರೆ ಆಗಿತ್ತು, ಆದರೆ ರಾತ್ರಿ ಊಟದ ಹೊತ್ತಿಗೆ ಹೋಗಿತ್ತು. ಆ ಮನುಷ್ಯನ ಬೇಸರಕ್ಕೆ ಆಯಸ್ಸು ಕಡಿಮೆ.

ಇನ್ನು ಪತ್ರದ ವಿಷಯಕ್ಕೆ ಬರುತ್ತೇನೆ.

ಅವರ ಮನೆಯ ಮುಂದಿನ ಕೋಣೆಯೇ ಕಚೇರಿ. ಗೋಡೆಗೆ ಆನಿಸಿ ಇಪ್ಪತ್ತೆಂಟು ಕುರ್ಚಿ, ಒಂದು ಫ್ಯಾನು, ಒಂದು ನೀರಿನ ಕ್ಯಾನು. ಪಕ್ಕದ ಸಣ್ಣ ಕೋಣೆಯಲ್ಲಿ ನಾನು, ನನ್ನ ಟೈಪ್‌ರೈಟರು, ಆಮೇಲೆ ಕಂಪ್ಯೂಟರು. ಬೆಳಗ್ಗೆ ಏಳೂವರೆಗೆ ಜನ ಶುರು. ವರ್ಗಾವಣೆ, ಹಾಸ್ಟೆಲ್ ಸೀಟು, ಕೊಳಾಯಿ, ಬಡ್ತಿ, ಅಳಿಯನಿಗೆ ಕೆಲಸ. ಎಲ್ಲರಿಗೂ ಒಂದೇ ಬೇಕು, ಶಾಸಕರ ಶಿಫಾರಸು ಪತ್ರ. ಇವರಿಗೆ ದಾಕ್ಷಿಣ್ಯ. ಯಾರನ್ನೂ ಬರಿಗೈಲಿ ಕಳಿಸುತ್ತಿರಲಿಲ್ಲ. "ಟೈಪಕ್ಕನ ಹತ್ರ ಹೋಗಿ, ಒಂದು ಪತ್ರ ಮಾಡ್ಸಿ" ಎನ್ನುವರು. ನಾನು ಟೈಪು ಮಾಡುವೆ, ಅವರು ಸಹಿ ಹಾಕುವರು, ಬಂದವರು ಪತ್ರವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೆಲಸ ಆಗಿಯೇ ಹೋಯಿತು ಎಂಬಂತೆ ಹೋಗುವರು.

ಮೊದಲ ವರ್ಷವೇ ಒಬ್ಬ ಹಿರಿಯ ಅಧಿಕಾರಿ, ನಿವೃತ್ತಿಯ ಅಂಚಿನಲ್ಲಿದ್ದವರು, ಇವರನ್ನು ಪಕ್ಕಕ್ಕೆ ಕರೆದು ಹೇಳಿದರು. "ಸಾರ್, ತಿಂಗಳಿಗೆ ಮುನ್ನೂರು ಪತ್ರ ಕಳಿಸ್ತೀರಿ. ಮನಸ್ಸಿಂದ ಬರೆದಿದ್ದು ಯಾವುದು, ದಾಕ್ಷಿಣ್ಯಕ್ಕೆ ಬರೆದಿದ್ದು ಯಾವುದು, ನಮಗೆ ಗೊತ್ತಾಗೋದು ಹೇಗೆ? ಒಂದು ಕೆಲಸ ಮಾಡಿ. ನಿಜವಾಗ್ಲೂ ಆಗ್ಬೇಕು ಅನ್ನೋದಕ್ಕೆ ಸಹಿ ಕೆಳಗೆ ಒಂದು ಗೆರೆ ಎಳೀರಿ. ಒಂದೊಂದು ಇಲಾಖೆಗೆ ವರ್ಷಕ್ಕೆ ಹತ್ತು ಗೆರೆ. ಅದನ್ನ ನಾವು ಮಾಡ್ತೀವಿ. ಗೆರೆ ಇಲ್ಲದ್ದನ್ನ ನಾವು ನೋಡ್ಕೋತೀವಿ."

ನೋಡಿಕೊಳ್ಳುವುದು ಎಂದರೆ ಫೈಲಿನ ತಳಕ್ಕೆ ಹಾಕುವುದು. ಅಲ್ಲಿಂದ ಆ ಪತ್ರಕ್ಕೆ ಉತ್ತರವೂ ಹೋಗದು, ಗತಿಯೂ ಕಾಣದು. ಎಲ್ಲ ಶಾಸಕರದ್ದೂ ಇಂಥದ್ದೊಂದು ಗುಟ್ಟು ಇರುತ್ತದಂತೆ. ಒಬ್ಬರದ್ದು ಶಾಯಿಯ ಬಣ್ಣ, ಇನ್ನೊಬ್ಬರದ್ದು ದಿನಾಂಕ ಬರೆಯುವ ಜಾಗ. ನಮ್ಮದು ಗೆರೆ. ಅದು ಗೊತ್ತಿದ್ದದ್ದು ಅಧಿಕಾರಿಗಳಿಗೆ, ಶಾಸಕರಿಗೆ, ನನಗೆ. ಗೆರೆ ಇದ್ದ ಪತ್ರಗಳ ಪಟ್ಟಿ ನನ್ನ ಮೇಜಿನ ಡ್ರಾಯರಿನಲ್ಲಿ ಇರುತ್ತಿತ್ತು. ಆ ಗೆರೆಗಳನ್ನು ಅವರು ಸ್ವಂತಕ್ಕೆ ಒಂದನ್ನೂ ಬಳಸಲಿಲ್ಲ, ಇದನ್ನೂ ಹೇಳಬೇಕು. ಆಸ್ಪತ್ರೆಗೆ ಡಾಕ್ಟರು, ಶಾಲೆಗೆ ಗಣಿತದ ಮೇಷ್ಟರು, ಕಾರ್ಖಾನೆ ರಸ್ತೆಗೆ ಬಸ್ಸು, ಹೀಗೆ ಊರಿಗೆ ಆಗುವಂಥದ್ದಕ್ಕೇ ಎಳೆದರು. ಉಳಿದವರೆಲ್ಲ ಖುಷಿಯಾಗಿ ಪತ್ರ ಹಿಡಿದು ಹೋದರು, ಖುಷಿಯಾಗಿ ಓಟು ಹಾಕಿದರು. ಇವರು ಖುಷಿಯಾಗಿ ನಿದ್ದೆ ಮಾಡಿದರು. ಯಾರಿಗೂ ನಷ್ಟವಿಲ್ಲ ಎಂದು ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ನಾಲ್ಕನೆಯ ಅವಧಿಯಲ್ಲಿ ಬಂದವಳು ಆ ಲ್ಯಾಬ್ ಹುಡುಗಿ. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕೆಲಸ ಸಿಕ್ಕಿದ್ದು ರಾಜ್ಯದ ಇನ್ನೊಂದು ತುದಿಯಲ್ಲಿ, ಬಸ್ಸಿನಲ್ಲಿ ಎಂಟು ಗಂಟೆಯ ದಾರಿ. ಗಂಡ ಬಿಟ್ಟುಹೋಗಿದ್ದ. ಎರಡು ವರ್ಷದ ಮಗಳನ್ನು ನಮ್ಮೂರಿನಲ್ಲಿ ತಾಯಿಯ ಹತ್ತಿರ ಬಿಟ್ಟು ಅಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ತಿಂಗಳಿಗೊಮ್ಮೆ ಬಂದು ಮಗುವನ್ನು ನೋಡಿಕೊಂಡು ಹೋಗುವುದು. ಅವಳಿಗೆ ಬೇಕಾದದ್ದು ಒಂದೇ, ಊರಿನ ಆಸ್ಪತ್ರೆಗೆ ವರ್ಗಾವಣೆ, ಮಗಳ ಜೊತೆ ಇರುವುದು. ಶಾಸಕರು ಕೇಳಿ ಮರುಗಿದರು. ಪತ್ರ ಕೊಟ್ಟರು. ಆದರೆ ಗೆರೆ ಎಳೆಯಲಿಲ್ಲ. ಆ ವರ್ಷ ಆರೋಗ್ಯ ಇಲಾಖೆಯ ಗೆರೆಗಳನ್ನೆಲ್ಲ ಹೆರಿಗೆ ವಾರ್ಡಿಗೆ ಎತ್ತಿಟ್ಟಿದ್ದರು.

ಮುಂದಿನ ವರ್ಷ ಮತ್ತೆ ಬಂದಳು. ಮತ್ತೆ ಪತ್ರ. ಮತ್ತೆ ಗೆರೆಯಿಲ್ಲ.

ಮೂರನೆಯ ಸಲ ಬಂದಾಗ ಮಗಳನ್ನೂ ತಾಯಿಯನ್ನೂ ಕರೆತಂದಿದ್ದಳು. ಮಗುವಿಗೆ ನಾಲ್ಕು ತುಂಬಿತ್ತು. ತಾಯಿಯ ಕೈ ಹಿಡಿಯದೆ ಅಜ್ಜಿಯ ಸೆರಗು ಹಿಡಿದುಕೊಂಡು ನಿಂತಿತ್ತು. ಅವಳು ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ಫೋಲ್ಡರ್ ಇಟ್ಟಳು. ಒಳಗೆ ನಮ್ಮ ಎರಡೂ ಪತ್ರಗಳ ಪ್ರತಿ, ಒಂದು ಸುಕ್ಕೂ ಇಲ್ಲದ ಹಾಗೆ.

"ಈ ಸಲ ಆಗುತ್ತೆ ಅಲ್ವಾ ಟೈಪಕ್ಕ?" ಎಂದಳು. "ನನ್ನ ಜೊತೆ ಕೆಲ್ಸ ಕಲಿತವಳು ಒಬ್ಳು ಇದ್ದಾಳೆ, ಇಲ್ಲಿಂದ ಎರಡು ಗಂಟೆ ದಾರಿಯ ಊರಲ್ಲಿ. ಅವಳಿಗೆ ನಾನಿರೋ ಕಡೆಗೆ ಬರ್ಬೇಕಂತೆ. ನೀನಿಲ್ಲಿಗೆ ಬಾ, ನಾನಲ್ಲಿಗೆ ಹೋಗ್ತೀನಿ, ಇಬ್ರೂ ಅದಲು ಬದಲು ಮಾಡ್ಕೊಳ್ಳೋಣ ಅಂತ ಹೋದ ವರ್ಷದಿಂದ ಕೇಳ್ತಿದ್ದಾಳೆ. ನಾನೇ ಬೇಡ ಅಂದೆ. ಎಂಎಲ್ಎ ಪತ್ರ ಕೊಟ್ಟಿದ್ದಾರೆ, ಊರಿಗೇ ಆಗುತ್ತೆ ಅಂದೆ."

ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆನಲ್ಲ, ಈ ಮಗುವಿನ ಒಂದು ವರ್ಷ ನಮ್ಮ ಪತ್ರದ ಕೆಳಗೆ ಹೂತುಹೋಗಿತ್ತು. ಇನ್ನೂ ಒಂದು ಮಾತಿದೆ, ಮುಚ್ಚಿಡುವುದಿಲ್ಲ. ಅದಕ್ಕೂ ಹನ್ನೊಂದು ವರ್ಷ ಹಿಂದೆ ನನ್ನ ತಂಗಿಯ ವರ್ಗಾವಣೆಗೂ ಒಂದು ಪತ್ರ ಕೇಳಿದ್ದೆ. ನಾನೇ ಟೈಪು ಮಾಡಿ ಮುಂದಿಟ್ಟೆ. ಅವರು ನಗುತ್ತಾ ಸಹಿ ಹಾಕಿದರು, ಪೆನ್ನಿನ ಮುಚ್ಚಳ ಹಾಕಿದರು. ಗೆರೆ ಇರಲಿಲ್ಲ. ನನಗೆ ಗೊತ್ತು ಎನ್ನುವುದು ಅವರಿಗೆ ಗೊತ್ತಿತ್ತು, ಆದರೂ ಇಬ್ಬರೂ ಮಾತಾಡಲಿಲ್ಲ. ಆ ಸಿಟ್ಟು ಅಷ್ಟು ವರ್ಷ ಒಳಗೇ ಕುದಿಯುತ್ತಿತ್ತು. ಅವತ್ತು ಉಕ್ಕಿತು.

"ಬಾಗಿಲು ಮುಂದೆ ಮಾಡು" ಎಂದೆ. ಅವಳ ಫೋಲ್ಡರಿನಿಂದ ಒಂದು ಪತ್ರ, ನನ್ನ ಡ್ರಾಯರಿನ ಪಟ್ಟಿಯ ಜೊತೆ ಇಟ್ಟುಕೊಂಡಿದ್ದ ಗೆರೆ ಇರುವ ಪ್ರತಿ ಒಂದು, ಎರಡನ್ನೂ ಪಕ್ಕ ಪಕ್ಕ ಇಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಕೆಲಸ ಹೋದರೆ ಹೋಗಲಿ ಎನ್ನಿಸಿತ್ತು.

ಅವಳು ಅಳಲಿಲ್ಲ. ಎರಡು ಸಹಿಯನ್ನೂ ತುಂಬಾ ಹೊತ್ತು ನೋಡಿದಳು, ರಕ್ತದ ಹನಿಯನ್ನು ಗಾಜಿನಡಿ ನೋಡುವವಳಲ್ಲವೇ. ಆಮೇಲೆ ಮಗುವನ್ನು ಅಜ್ಜಿಯ ಹತ್ತಿರವೇ ಬಿಟ್ಟು ಶಾಸಕರ ಮುಂದೆ ಹೋಗಿ ನಿಂತಳು. ಹಿಂದೆಯೇ ನಾನೂ ಹೋದೆ.

"ಸಾರ್, ಈ ಪತ್ರದಿಂದ ಕೆಲ್ಸ ಆಗಲ್ಲ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?"

ಅವರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಲಿಲ್ಲ.

"ಗೊತ್ತಿತ್ತಮ್ಮ" ಎಂದರು.

"ಆಗಲ್ಲ ಅಂತ ಅವತ್ತೇ ಒಂದು ಮಾತು ಹೇಳಿದ್ರೆ ನಾನು ಅದಲು ಬದಲು ಮಾಡ್ಕೊಂಡು ಬಂದುಬಿಡ್ತಿದ್ದೆ ಸಾರ್. ಮಗು ನನ್ನ ಜೊತೆ ಇರ್ತಿತ್ತು. ನೀವು ಕೊಡ್ದೇ ಇದ್ದಿದ್ರೆ ನನಗೆ ಬೇಜಾರಿರಲಿಲ್ಲ. ಕೊಟ್ಟ ಹಾಗೆ ಮಾಡಿದ್ರಲ್ಲ."

ಶಾಸಕರ ಕೈ ಮೇಜಿನ ಮೇಲಿನ ಪೆನ್ನನ್ನು ಮುಟ್ಟಿತು, ಬಿಟ್ಟಿತು. ನಾನು ಅವರನ್ನು ಅಷ್ಟು ಸಣ್ಣಗಾಗಿ ಯಾವತ್ತೂ ನೋಡಿರಲಿಲ್ಲ. ಗೆರೆ ಎಳೆದುಕೊಡುತ್ತಾರೆ ಎಂದುಕೊಂಡೆ. ಎಳೆಯಲಿಲ್ಲ.

"ನಿನ್ನ ರಜೆ ಎಷ್ಟು ದಿನ ಇದೆ?"

"ಸೋಮವಾರ ಡ್ಯೂಟಿಗೆ ಹೋಗ್ಬೇಕು."

"ಶನಿವಾರ ಬಾ. ಹೌದೋ ಅಲ್ವೋ ಅಂತ ಹೇಳ್ತೀನಿ. ಪತ್ರ ಕೊಡಲ್ಲ."

ಮರುದಿನ ರಾಜಧಾನಿಗೆ ಹೊರಟರು, ನಾನೂ ಜೊತೆಗೆ. ದಾರಿಯುದ್ದಕ್ಕೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅರ್ಧ ದಾರಿಯಲ್ಲಿ ಚಹಾ ಕುಡಿಯುವಾಗ, "ನಿನ್ನ ತಂಗಿ ಈಗ ಎಲ್ಲಿದ್ದಾಳೆ?" ಎಂದು ಕೇಳಿದರು. "ಅಲ್ಲೇ" ಎಂದೆ. ಚಹಾ ಹಾಗೇ ಇಟ್ಟು ಎದ್ದರು.

ಆರೋಗ್ಯ ಇಲಾಖೆಯಲ್ಲಿ ಅಧಿಕಾರಿ ಸಭೆಯಲ್ಲಿದ್ದರು. ಇವರು ಒಳಗೆ ಹೇಳಿ ಕಳಿಸಲಿಲ್ಲ. ಕಾರಿಡಾರಿನ ಮರದ ಬೆಂಚಿನ ಮೇಲೆ, ಅರ್ಜಿ ಹಿಡಿದ ಇನ್ನಿಬ್ಬರ ನಡುವೆ ಕೂತರು. ಪಕ್ಕದಲ್ಲಿದ್ದ ಒಬ್ಬ ಮುದುಕರು ತಮ್ಮ ಫೈಲು ತೋರಿಸಿ, "ನನಗೆ ಎಂಎಲ್ಎ ಪತ್ರ ಇದೆ, ನಿಮಗೆ?" ಎಂದು ಕೇಳಿದರು. ಅದು ಯಾವುದೋ ಬೇರೆ ಕ್ಷೇತ್ರದ ಪತ್ರ. ನಮ್ಮವರು ಅದನ್ನು ನೋಡಿ, ವಾಪಸ್ಸು ಕೊಟ್ಟು, "ನೀವು ಪತ್ರ ಬ್ಯಾಗಲ್ಲಿಡಿ, ಬಾಯಲ್ಲೇ ಎಲ್ಲ ಹೇಳಿ" ಎಂದರು.

ಎರಡೂವರೆ ಗಂಟೆ ಕಾದ ಮೇಲೆ ಅಧಿಕಾರಿ ಹೊರಗೆ ಬಂದು ಗಾಬರಿಯಾದರು. "ಸಾರ್! ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ?" ಒಳಗೆ ಹೋಗಿ ಫೈಲು ತರಿಸಿದರು. ನಮ್ಮೂರ ಆಸ್ಪತ್ರೆಯಲ್ಲಿ ಲ್ಯಾಬಿಗೆ ಜಾಗ ಖಾಲಿ ಇಲ್ಲ, ಇನ್ನು ಐದು ವರ್ಷ ಆಗುವುದೂ ಇಲ್ಲ.

"ಮೊದಲ ಪತ್ರ ಬಂದಾಗ್ಲೂ ಇದು ಗೊತ್ತಿತ್ತಾ?"

"ಗೊತ್ತಿತ್ತು ಸಾರ್. ಗೆರೆ ಇರ್ಲಿಲ್ಲ ನೋಡಿ, ಅದಕ್ಕೆ ಉತ್ತರ ಬರೀಲಿಲ್ಲ."

ಅಂದರೆ ಗೆರೆ ಎಳೆದಿದ್ದರೂ ಊರಿಗೆ ಆಗುತ್ತಿರಲಿಲ್ಲ. ಆದರೆ ಆಗುವುದಿಲ್ಲ ಎಂಬ ಉತ್ತರವಾದರೂ ಎರಡು ವರ್ಷ ಮುಂಚೆ ಬರುತ್ತಿತ್ತು. ಶಾಸಕರು ಅದಲು ಬದಲಿನ ವಿಷಯ ಕೇಳಿದರು. ಆ ಇನ್ನೊಬ್ಬಳ ಅರ್ಜಿ ಇನ್ನೂ ಜೊತೆಗಾರರಿಲ್ಲದೆ ಹಾಗೇ ಬಿದ್ದಿತ್ತು. ಈ ವರ್ಷದ ಗಡುವು ಮುಗಿಯಲು ಆರು ದಿನ. ಇಬ್ಬರೂ ಸಹಿ ಹಾಕಿದರೆ ಯಾರ ಶಿಫಾರಸೂ ಬೇಡ ಎಂದರು ಅಧಿಕಾರಿ.

ಶನಿವಾರ ಅವಳು ಬಂದಳು. ಕುರ್ಚಿ ಕೊಟ್ಟು ಕೂರಿಸಿ, ಶಾಸಕರು ನೇರವಾಗಿ ಹೇಳಿದರು. "ಊರಿಗೆ ಆಗಲ್ಲಮ್ಮ. ಈ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ನಾನು ಏನು ಮಾಡಿದ್ರೂ ಆಗಲ್ಲ. ನಿನ್ನ ಸ್ನೇಹಿತೆ ಅರ್ಜಿ ಇನ್ನೂ ಇದೆ, ಗುರುವಾರ ಕೊನೆ ದಿನ."

ಅವಳು ಫೋಲ್ಡರ್ ಬಿಚ್ಚಿ ನಮ್ಮ ಪತ್ರಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಆ ಫೋಲ್ಡರಿನಲ್ಲಿ ಅದಲು ಬದಲಿನ ಅರ್ಜಿ ಇಟ್ಟುಕೊಂಡು ಅವತ್ತಿನ ಬಸ್ಸಿಗೇ ಸ್ನೇಹಿತೆಯ ಊರಿಗೆ ಹೋದಳು. ತಿಂಗಳೊಳಗೆ ಆದೇಶ ಬಂತು. ಆ ಊರಿನಲ್ಲಿ ಆಸ್ಪತ್ರೆಯ ಹಿಂದೆಯೇ ಎರಡು ಕೋಣೆಯ ಮನೆ ಮಾಡಿ ಮಗಳನ್ನೂ ತಾಯಿಯನ್ನೂ ಕರೆಸಿಕೊಂಡಳು. ಮಗು ಮೊದಲ ವಾರ ಅಜ್ಜಿಯ ಪಕ್ಕವೇ ಮಲಗಿತಂತೆ, ಎರಡನೆಯ ವಾರ ಇಬ್ಬರ ನಡುವೆ. ಇದನ್ನು ಅವಳೇ ಫೋನಿನಲ್ಲಿ ಹೇಳಿದಳು. ನಾನು ಫೋನು ಇಟ್ಟು ಮುಖ ತೊಳೆದುಕೊಂಡು ಬಂದೆ.

ಆಮೇಲೆ ಶುರುವಾಯಿತು ನಮ್ಮ ಶಾಸಕರು ಇಲ್ಲ ಎನ್ನುವುದನ್ನು ಕಲಿಯುವ ಪಾಡು. ಅರವತ್ತು ದಾಟಿದ ಮನುಷ್ಯ, ಜೀವಮಾನದಲ್ಲಿ ಒಮ್ಮೆಯೂ ಹೇಳದ ಮಾತು. ಮೊದಲ "ಇಲ್ಲ"ಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬಂದವರ ತಂದೆಯ ಆರೋಗ್ಯ, ಮಕ್ಕಳ ಓದು, ಹವಾಮಾನ ಎಲ್ಲವನ್ನೂ ಸುತ್ತಿ ಬಂದು ಕೊನೆಗೆ, "ಅದೊಂದು ಸ್ವಲ್ಪ ಕಷ್ಟ" ಎಂದರು. ಬಂದಾತ, "ಪರವಾಗಿಲ್ಲ ಸಾರ್, ನಿಧಾನಕ್ಕೆ ಮಾಡಿ" ಎಂದು ಎದ್ದು ಹೋದ. ಅತ್ತಿಗೆಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ತಾವೇ ಅರ್ಜಿದಾರರ ಕುರ್ಚಿಯಲ್ಲಿ ಕೂತು, "ನನ್ನ ಅಳಿಯನಿಗೆ ಕೆಲ್ಸ ಕೊಡ್ಸಿ ಸಾರ್" ಎಂದು ಅಭ್ಯಾಸ ಮಾಡಿಸತೊಡಗಿದರು. ನಮಗೆ ಅಳಿಯನೇ ಇಲ್ಲವಲ್ಲ ಎಂದು ಇವರು. "ಅದನ್ನಾದ್ರೂ ಬಾಯ್ಬಿಟ್ಟು ಹೇಳಿ!" ಎಂದು ಅತ್ತಿಗೆ.

ಆರು ತಿಂಗಳಲ್ಲಿ ಇಲ್ಲ ಎನ್ನಲು ಬಂತು. ಆಗುವುದಕ್ಕೆ ಆಗುತ್ತದೆ, ಆಗದ್ದಕ್ಕೆ ಆಗುವುದಿಲ್ಲ, ಗೊತ್ತಿಲ್ಲದ್ದಕ್ಕೆ ಕೇಳಿ ಶನಿವಾರ ಹೇಳುತ್ತೇನೆ. ಪತ್ರಗಳು ತಿಂಗಳಿಗೆ ಮುನ್ನೂರರಿಂದ ನಲವತ್ತಕ್ಕೆ ಇಳಿದವು. ಗೆರೆ ಎಳೆಯುವುದು ನಿಂತೇಹೋಯಿತು. ಕೆಲವರು ಮುಖ ಊದಿಸಿಕೊಂಡು ಹೋದರು. ಒಬ್ಬರು ಹೊರಗೆ ನಿಂತು, "ಇವರಿಗೆ ಈಗ ದೊಡ್ಡಸ್ತಿಕೆ ಬಂದಿದೆ" ಎಂದು ಬೀದಿಗೆ ಕೇಳುವಂತೆ ಹೇಳಿದರು. ಎದುರಾಳಿಗಳು ಚುನಾವಣೆಯಲ್ಲಿ ಅದನ್ನೇ ಹಿಡಿದರು. ಇಲ್ಲ ಎನ್ನುವ ಎಂಎಲ್ಎ ಬೇಕಾ ಎಂದು ಗೋಡೆ ಗೋಡೆಯ ಮೇಲೆ ಬರೆಸಿದರು.

ಹಿಂದಿನ ನಾಲ್ಕು ಸಲವೂ ಎಂಟು ಸಾವಿರ, ಒಂಬತ್ತು ಸಾವಿರ ಮತಗಳ ಅಂತರದಲ್ಲಿ ಗೆದ್ದವರು ಐದನೆಯ ಸಲ ಗೆದ್ದದ್ದು ಆರುನೂರ ಹನ್ನೆರಡರಲ್ಲಿ. ಕಾರ್ಯಕರ್ತರು ಸಪ್ಪೆ ಮುಖ ಮಾಡಿಕೊಂಡು ಬಂದರು. ಇವರು ಮಾತ್ರ ಇಸ್ತ್ರಿಯಿಲ್ಲದ ಅಂಗಿಯಲ್ಲಿ ಕೂತು ಮುಖದ ತುಂಬಾ ನಗುತ್ತಿದ್ದರು. "ಇವರಿಗೆಲ್ಲ ನಾನು ಇಲ್ಲ ಅಂದಿದ್ದೀನಿ ಕಣಯ್ಯ. ಆದ್ರೂ ಹಾಕಿದ್ದಾರೆ" ಎಂದರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ಅವಧಿಯ ಎರಡನೆಯ ವರ್ಷ ನನ್ನ ಮಗಳಿಗೆ ಹೆರಿಗೆಯ ದಿನ ಹತ್ತಿರವಾಯಿತು. ಎರಡು ತಿಂಗಳು ರಜೆ ಬೇಕಿತ್ತು. ಅಧಿವೇಶನ ಬೇರೆ ಶುರುವಾಗುವುದಿತ್ತು. ಹಳೆಯ ಅಭ್ಯಾಸ, ಕೇಳಿದರೆ ಕೊಡುತ್ತಾರೆ, ಆಮೇಲೆ ಹತ್ತನೆಯ ದಿನಕ್ಕೆ ಫೋನು ಮಾಡಿ ಮೆಲ್ಲಗೆ ಕರೆಸಿಕೊಳ್ಳುತ್ತಾರೆ ಎಂದುಕೊಂಡೇ ಅರ್ಜಿ ಮುಂದಿಟ್ಟೆ.

ಅವರು ಪೂರ್ತಿ ಓದಿದರು. ಕನ್ನಡಕ ತೆಗೆದರು.

"ಎರಡು ತಿಂಗಳು ಆಗಲ್ಲ" ಎಂದರು. "ಒಂದು ತಿಂಗಳು. ಆ ತಿಂಗಳಲ್ಲಿ ಮಾತ್ರ ವಿಧಾನಸಭೆಗೆ ಬೆಂಕಿ ಬಿದ್ರೂ ನಿನಗೆ ಫೋನ್ ಮಾಡಲ್ಲ."

ನಾನು ನನ್ನ ಕೋಣೆಗೆ ಬಂದು ಕೂತೆ. ಮಗಳಿಗೆ ಫೋನು ಮಾಡಿ, ಒಂದು ತಿಂಗಳು ಬರುತ್ತೇನೆ, ಅದರ ಮೇಲೆ ಒಂದು ದಿನವೂ ಇರಲಾಗುವುದಿಲ್ಲ, ಅವಳ ಅತ್ತೆಗೆ ಈಗಲೇ ಹೇಳಿಟ್ಟುಕೊಳ್ಳಲಿ ಎಂದೆ. ಅವಳು ತಡವರಿಸುತ್ತಾ, "ಅಷ್ಟೂ ದಿನ ಖಂಡಿತ ಇರ್ತೀಯಾ ಅಮ್ಮ?" ಎಂದು ಕೇಳಿದಳು.

"ಖಂಡಿತ ಕಣೇ, ನಮ್ಮ ಸಾಹೇಬರು ಹೇಳಿದ್ದಾರೆ" ಎಂದೆ.